ನಲವತ್ತೊಂದನೆಯ ಪುಸ್ತಕ

ಪಶು ಇಲಾಖೆಯಲ್ಲಿ ಮೂವತ್ತೆರಡು ವರ್ಷ ವೆಟರ್ನರಿ ಇನ್ಸ್‌ಪೆಕ್ಟರ್ ಆಗಿದ್ದೆ. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವನು. ಆದರೂ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಎಲ್ಲಿಗೆ ವರ್ಗವಾದರೂ ಹಳ್ಳಿಯವರ ಬಾಯಲ್ಲಿ ನಾನು ‘ದನಿನ್ ಡಾಕ್ಟ್ರು’. ಹಸುವಿಗೆ ಸೂಜಿ ಹಾಕಿ, ಕೈ ತೊಳೆದು, ಜಗುಲಿಯ ಮೇಲೆ ಕೂತು ಕಾಫಿ ಕುಡಿಯುವಾಗ ಪ್ರತಿ ಮನೆಯಲ್ಲೂ ಒಂದು ಮಾತು ಕೇಳುತ್ತಿದ್ದೆ: “ನಿಮ್ಮ ಅಟ್ಟದ ಮೇಲೆ ಹಳೇ ಪತ್ತೇದಾರಿ ಪುಸ್ತಕ ಏನಾದ್ರೂ ಅವೆಯಾ?”

ಕೆಲವರು ನಗುತ್ತಿದ್ದರು. ಕೆಲವರು ಏಣಿ ಹಾಕಿ ಹತ್ತಿ, ಇಲಿ ಕಡಿದ ಕಂತೆಯೊಂದನ್ನು ಕೆಳಕ್ಕೆ ಎಸೆಯುತ್ತಿದ್ದರು. ಅದರಲ್ಲಿ ನನಗೆ ಬೇಕಾಗಿದ್ದವನು ಒಬ್ಬನೇ ಲೇಖಕ. ಅಂಗೈಯಗಲದ ಪುಸ್ತಕಗಳು, ರಟ್ಟಿನ ಮೇಲೆ ಪಿಸ್ತೂಲು, ಕೂದಲು ಬಿಚ್ಚಿಕೊಂಡ ಹೆಂಗಸು, ಕೆಂಪು ಶಾಯಿಯ ರಕ್ತ. ತಿಂಗಳಿಗೊಂದರಂತೆ ನೂರ ಹನ್ನೆರಡು ಬರೆದಿದ್ದ. ಬಸ್‌ಸ್ಟ್ಯಾಂಡಿನ ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಅವು ಕೈಯಿಂದ ಕೈಗೆ ಹೋಗಿ ಸವೆದು ಹಾಳೆ ಹಾಳೆಯಾಗುತ್ತಿದ್ದವು. ದೊಡ್ಡ ಸಾಹಿತಿಗಳು ಯಾರೂ ಅವನ ಬಗ್ಗೆ ಒಂದು ಸಾಲು ಬರೆದವರಲ್ಲ.

ನನಗೆ ಈ ಹುಚ್ಚು ಅಂಟಿದ್ದು ಅವ್ವನಿಂದ. ನಾನು ಹೈಸ್ಕೂಲಿನಲ್ಲಿದ್ದಾಗ ಅವಳಿಗೆ ಹೊಟ್ಟೆಯ ಆಪರೇಷನ್ ಆಗಿ ಮಾಗಡಿಯ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದ್ದಳು. ಸೋಲೂರಿನಿಂದ ದಿನಾ ಊಟದ ಕ್ಯಾರಿಯರ್ ಹಿಡಿದು ಬರುತ್ತಿದ್ದ ನಾನು, ದಾರಿಯಲ್ಲಿ ಒಂದು ಪುಸ್ತಕ ಬಾಡಿಗೆಗೆ ತಂದು ಅವಳಿಗೆ ಓದಿ ಹೇಳುತ್ತಿದ್ದೆ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಅಕ್ಕಪಕ್ಕದ ಹಾಸಿಗೆಯವರೂ ಈ ಕಡೆ ಮಗ್ಗುಲಾಗಿ ಕೇಳುತ್ತಿದ್ದರು. “ಕೊಂದೋನು ಯಾರು ಅಂತ ಮೊದ್ಲು ಯೋಳ್ಬುಡ್ಲಾ, ಆಮ್ಯಾಕೆ ನೆಮ್ಮದಿಯಾಗಿ ಕೇಳ್ತೀನಿ” ಅನ್ನುತ್ತಿದ್ದಳು ಅವ್ವ. ಅವಳು ವಾಸಿಯಾಗಿ ಮನೆಗೆ ಬಂದಳು. ನನ್ನ ಹುಚ್ಚು ವಾಸಿಯಾಗಲಿಲ್ಲ.

ಚನ್ನಪಟ್ಟಣಕ್ಕೆ ವರ್ಗವಾದಾಗ ಆ ಲೇಖಕ ಅಲ್ಲೇ ಇದ್ದಾನೆಂದು ತಿಳಿಯಿತು. ಹುಡುಕಿಕೊಂಡು ಹೋದೆ. ಬೊಂಬೆ ಕಡೆಯುವ ಸಾಬರೊಬ್ಬರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಮುಂದುಗಡೆ ಮಷಿನ್ನಿನ ಸದ್ದು, ಅರಗಿನ ವಾಸನೆ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಕೆಲಸವಿದ್ದಷ್ಟು ದಿನ ಒಂದು ಜಿಲ್ಲಾ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಯಾವ ಊರಿನದೆಂದು ಹೇಳುವುದು ಬೇಡ. ಸಾಕ್ಷಿಗಳ ಹೇಳಿಕೆ ಟೈಪು ಮಾಡುತ್ತಾ ಮಾಡುತ್ತಾ ಕತೆಗಾರನಾದೆ ಎಂದು ಅವರೇ ಹೇಳಿದರು. ಅವರ ಹತ್ತಿರ ಅವರ ಪುಸ್ತಕ ಒಂದೂ ಇರಲಿಲ್ಲ.

“ನೀವು ನೌಕರಿಯಲ್ಲಿರೋರು, ಮರ್ಯಾದಸ್ಥರು. ಈ ಕಸಾನೆಲ್ಲ ಯಾಕೆ ಗುಡ್ಡೆ ಹಾಕ್ಕೋತೀರಿ?” ಅಂದರು.

“ಕಸ ಅನ್ನಬೇಡಿ ಸಾರ್. ನೂರ ಹನ್ನೊಂದು ಸಿಕ್ಕೇ ಸಿಗ್ತವೆ ಅನ್ನೋ ನಂಬಿಕೆ ಐತೆ. ನಲವತ್ತೊಂದನೇದು ಮಾತ್ರ ಯಾವ ಅಂಗಡೀಲೂ ಕಣ್ಣಿಗೆ ಬೀಳ್ತಿಲ್ಲ.”

ಅವರು ಕೆಮ್ಮಿದರು. ಕೆಮ್ಮು ನಿಂತ ಮೇಲೆ, “ಅದನ್ನ ಹುಡುಕಬೇಡಿ. ಅದನ್ನ ನಾನು ಬರೀಬಾರ್ದಾಗಿತ್ತು” ಅಂದರು.

“ಯಾಕೆ ಸಾರ್?”

“ಚೆನ್ನಾಗಿಲ್ಲ.”

ಬರೆದವರಿಗೆ ತಮ್ಮ ಬರಹದ ಮೇಲೆ ಇರುವ ಸಂಕೋಚ ಎಂದುಕೊಂಡೆ. ಅದಾದ ಎರಡನೇ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋದವರು ಮನೆಯ ಮಾಲೀಕರಾದ ಸಾಬರು, ಅವರ ಇಬ್ಬರು ಮಕ್ಕಳು, ಕೋರ್ಟಿನ ಹಳೆಯ ಜವಾನನೊಬ್ಬ, ನಾನು. ಇಷ್ಟು ಜನರನ್ನು ಇಷ್ಟು ವರ್ಷ ಓದಿಸಿದವನಿಗೆ ಹೆಗಲು ಕೊಡಲು ಐದು ಜನ. ಅಲ್ಲಿಂದ ಬರುವಾಗ ಬಸ್ಸಿನಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡೆ. ಒಂದೂ ಬಿಡದೆ ಕೂಡಿಸಬೇಕು. ಇವನು ಇದ್ದ ಅನ್ನುವುದಕ್ಕೆ ಗುರುತು ಉಳಿಸಬೇಕು.

ವರ್ಷಗಳು ಹಿಡಿದವು. ರಾಮನಗರದಲ್ಲಿ ಮನೆ ಮಾಡಿದ ಮೇಲೆ ಹೆಂಡತಿಯ ಸೀರೆ ಬೀರುವಿನ ಎರಡು ಅರೆ ನನ್ನ ಪುಸ್ತಕಕ್ಕೆ ಹೋದವು, ಆಮೇಲೆ ಇಡೀ ಬೀರುವೇ ಹೋಯಿತು. ಬೇವಿನ ಸೊಪ್ಪು ಒಣಗಿಸಿ ಮಧ್ಯೆ ಮಧ್ಯೆ ಇಡುತ್ತಿದ್ದೆ. ಹರಿದ ಹಾಳೆಗಳನ್ನು ಮೈದಾ ಅಂಟಿನಿಂದ ಅಂಟಿಸುತ್ತಿದ್ದೆ. “ಮಕ್ಕಳ ಮಾರ್ಕ್ಸ್ ಕಾರ್ಡು ಎಲ್ಲಿವೆ ಅಂತ ಕೇಳುದ್ರೆ ಗೊತ್ತಿಲ್ಲ, ಇವುಗಳ ನಂಬರ್ ಮಾತ್ರ ಬಾಯಿಪಾಠ” ಅನ್ನುತ್ತಿದ್ದಳು ಅವಳು. ನಿಜವೇ.

ನಲವತ್ತೊಂದರ ವಿಷಯದಲ್ಲಿ ಒಂದು ವಿಚಿತ್ರ ಕಂಡಿತು. ಯಾವ ಅಂಗಡಿಯ ಹಳೆಯ ರಿಜಿಸ್ಟರ್ ತೆಗೆದರೂ ಆ ನಂಬರಿನ ಮುಂದೆ ‘ವಾಪಸ್ ಬಂದಿಲ್ಲ’ ಎಂದಿರುತ್ತಿತ್ತು. ಕನಕಪುರದಲ್ಲಿ ಅಂಗಡಿ ಮುಚ್ಚಿ ಸ್ಟೇಷನರಿ ಇಟ್ಟುಕೊಂಡಿದ್ದ ಮುದುಕರೊಬ್ಬರು ನೆನಪಿಸಿಕೊಂಡು ಹೇಳಿದರು: “ಅದಾ? ಮರಳವಾಡಿ ಕಡೆಯೋರು ಒಬ್ರು ಬಂದು ತಗಂಡೋಗ್ಬುಡೋರು. ಇನ್ನೊಂದು ತರುಸುದ್ರೆ ಅದ್ನೂ ತಗಂಡೋಗೋರು. ಆ ಕತೆ ಅವ್ರ ಕಡೇನೇ ನಡೆದಿದ್ದಂತಲ್ಲ, ಅದ್ಕೇ ಇರ್ಬೇಕು.”

ನನಗೆ ರೋಮಾಂಚನವಾಯಿತು. ನನ್ನ ಹಾಗೇ ಇನ್ನೊಬ್ಬ ಭಕ್ತನಿದ್ದಾನೆ ಎಂದುಕೊಂಡೆ. ಹೊಟ್ಟೆಕಿಚ್ಚೂ ಆಯಿತು. ಹೋದಲ್ಲೆಲ್ಲ ನನ್ನ ವಿಳಾಸ, ಫೋನ್ ನಂಬರ್ ಬರೆದುಕೊಟ್ಟು, ಆ ಮನುಷ್ಯ ಮತ್ತೆ ಬಂದರೆ ಹೇಳಿ ಎಂದು ಬಂದೆ. ಒಬ್ಬ ಮನುಷ್ಯ ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಯಾಕೆ ಒಯ್ಯುತ್ತಾನೆ ಎಂದು ನಾನು ಯೋಚಿಸಲೇ ಇಲ್ಲ.

ರಿಟೈರ್ ಆಗುವುದಕ್ಕೆ ಒಂದು ವರ್ಷ ಮುಂಚೆ ಅದು ಸಿಕ್ಕಿತು. ಸೋಲೂರಿನ ಹತ್ತಿರದ ಒಂದು ಮನೆಯಲ್ಲಿ ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿತ್ತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒದ್ದಾಡಿ ಎರಡೂ ಜೀವ ಉಳಿಸಿದೆ. ಮನೆಯ ಅಜ್ಜಿ ಸಂತೋಷಕ್ಕೆ ಟ್ರಂಕಿನ ತಳದಿಂದ ನಾಲ್ಕು ಪುಸ್ತಕ ತೆಗೆದುಕೊಟ್ಟಳು. ಮೂರನೆಯದರ ರಟ್ಟಿನ ಮೇಲೆ ಬಾವಿಯ ಚಿತ್ರ, ಮೂಲೆಯಲ್ಲಿ ೪೧. ಮೋಟಾರ್ ಬೈಕು ನಿಲ್ಲಿಸಿ ದಾರಿಯ ಹುಣಸೆ ಮರದ ಕೆಳಗೆ ಕೂತು ಒಂದೇ ಉಸಿರಿಗೆ ಓದಿದೆ. ಮದುವೆ ಗೊತ್ತಾಗಿದ್ದ ಹುಡುಗಿ ಬಾವಿಯಲ್ಲಿ ಹೆಣವಾಗಿ ಸಿಗುತ್ತಾಳೆ. ಪತ್ತೇದಾರ ಬರುತ್ತಾನೆ. ಕೊನೆಗೆ, ತಳ್ಳಿದವನು ಅವಳ ಕುಂಟ ಅಣ್ಣ, ಮನೆತನದ ಮರ್ಯಾದೆಗಾಗಿ ಎಂದು ಗೊತ್ತಾಗುತ್ತದೆ. ಸಿಕ್ಕ ಸಂತೋಷದಲ್ಲಿ ಓದಿದವನಿಗೆ ಕತೆ ಹೇಗಿದ್ದರೂ ಚೆನ್ನ.

ಅಷ್ಟು ಹೊತ್ತಿಗೆ, ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಎಲ್ಲರೂ ಓದುವಂತೆ ಅಂತರ್ಜಾಲಕ್ಕೆ ಹಾಕುವ ನಾಲ್ಕೈದು ಜನ ನನಗೆ ಪರಿಚಯವಾಗಿದ್ದರು. ನೂರ ಹನ್ನೆರಡನ್ನೂ ಅವರ ಕೈಗೆ ಕೊಟ್ಟೆ. ಪ್ರತಿಯೊಂದಕ್ಕೂ ನಾಲ್ಕು ಸಾಲು ಟಿಪ್ಪಣಿ ಬರೆದುಕೊಡಿ ಅಂದರು. ನಲವತ್ತೊಂದಕ್ಕೆ ನಾನು ಹೆಮ್ಮೆಯಿಂದ, ಕೆಳಗೆ ನನ್ನ ಹೆಸರು ಹಾಕಿ ಬರೆದೆ: ಬಹಳ ಅಪರೂಪದ ಪ್ರತಿ, ಮರಳವಾಡಿ ಕಡೆ ನಡೆದ ನಿಜ ಘಟನೆಯನ್ನು ಆಧರಿಸಿದ್ದು. ಆ ಟಿಪ್ಪಣಿಯಿಂದಾಗಿಯೇ ಉಳಿದೆಲ್ಲಕ್ಕಿಂತ ಅದನ್ನು ಜಾಸ್ತಿ ಜನ ಓದಿದರು. ಓದಿದವರ ಸಂಖ್ಯೆ ಏರುವುದನ್ನು ನಾನು ಫೋನಿನಲ್ಲಿ ದಿನಾ ನೋಡುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಮನೆಯ ಗೇಟಿನ ಹತ್ತಿರ ಒಬ್ಬ ವಯಸ್ಸಾದ ಮನುಷ್ಯ ನಿಂತಿದ್ದ. ಬಿಳೀ ಪಂಚೆ, ಹೆಗಲ ಮೇಲೆ ಟವಲು. “ದನಿನ್ ಡಾಕ್ಟ್ರು ಮನೆ ಇದೇನಾ? ಪುಸ್ತಕ ಮಡೀಕಂಡಿರೋರು?” ಅಂದ. ಒಳಗೆ ಬನ್ನಿ ಅಂದೆ. ಬಂದ. ಎಡಗಾಲು ಎಳೆದುಕೊಂಡು ಬಂದ.

ಆ ಕಾಲನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಇಷ್ಟು ವರ್ಷ ನಾನು ನೋಡಬೇಕೆಂದು ಆಸೆಪಟ್ಟ ಭಕ್ತ ಇವನೇ. ಇವನು ಭಕ್ತನಲ್ಲ.

ಕುರ್ಚಿಯ ತುದಿಯಲ್ಲಿ ಕೂತ. ನೀರು ಬೇಡವೆಂದ. “ಕನಕಪುರದ ಅಂಗ್ಡಿಯೋರು ನಿಮ್ಮ ವಿಳಾಸ, ನಂಬ್ರು ಕೊಟ್ಟಿದ್ರು, ಮಡಗಿದ್ದೆ. ಯಾರೋ ಓದೋರು, ಸಿಕ್ಕಾಕಿಲ್ಲ ಬುಡು ಅನ್ಕಂಡಿದ್ದೆ. ಮೊನ್ನೆ ನಮ್ಮ ಮೊಮ್ಮಗಳು ಮೊಬೈಲ್ ತಂದು ತೋರುಸ್ದ್ಲು. ‘ತಾತಾ, ಇದು ನಮ್ಮ ಕಡೇಲಿ ನಡೆದಿದ್ದಂತೆ, ಕುಂಟ ಅಣ್ಣ ಅಂತೆ, ಯಾರು ತಾತಾ?’ ಅಂದ್ಲು. ನಾನೇನು ಯೋಳ್ಲಿ ಸ್ವಾಮಿ?”

ನಡೆದದ್ದನ್ನು ಹೇಳಿದ. ತಂಗಿಗೆ ಮದುವೆ ಗೊತ್ತಾಗಿತ್ತು. ಹದಿನೈದು ದಿನ ಇತ್ತು. ರೇಷ್ಮೆ ಹುಳದ ಮನೆಗೆ ಹಿಪ್ಪುನೇರಳೆ ಸೊಪ್ಪು ತರುತ್ತೇನೆಂದು ತೋಟಕ್ಕೆ ಹೋದವಳು ಬಾವಿಯಲ್ಲಿ ಸಿಕ್ಕಳು. ಊರಿನಲ್ಲಿ ಯಾರೋ ಏನೋ ಅಂದರು. ಪೊಲೀಸರು ಇವನನ್ನು ಹಿಡಿದರು. ಮೂರು ತಿಂಗಳು ಜೈಲು. ಆಮೇಲೆ ಕೋರ್ಟು, ಸಾಕ್ಷಿಯಿಲ್ಲ ಹೋಗು ಅಂದಿತು.

“ಕಾಲು ಜಾರುದ್ಲೋ, ತಾನೇ ಬಿದ್ಬುಟ್ಲೋ, ನಂಗೂ ಗೊತ್ತಿಲ್ಲ. ನಾನು ತಳ್ನಿಲ್ಲ. ಅಷ್ಟೇ ಗೊತ್ತಿರೋದು. ಜನ ಒಸಿ ದಿನ ಆಡ್ಕಂಡು ಮರೆತಿದ್ರು. ಆಮ್ಯಾಕೆ ಈ ಪುಸ್ತಕ ಬಂತು. ಊರ್ನ ಹೈಕಳೆಲ್ಲ ಓದ್ಬುಟ್ವು. ಕೋರ್ಟು ಬುಟ್ಟಿದ್ನ ಪುಸ್ತಕ ಹಿಡೀತು. ನಮ್ಮವ್ವ ಬಾಗ್ಲು ದಾಟಿ ಈಚೆಗೆ ಬರ್ಲೇ ಇಲ್ಲ, ಅಂಗೇ ತೀರ್ಕಂಡ್ಲು.”

ಅಂದಿನಿಂದ ಅವನು ಅಂಗಡಿ ಅಂಗಡಿ ತಿರುಗಿ ಆ ಪುಸ್ತಕ ತಂದು ಸುಟ್ಟ. ಬಿಡದಿಯಿಂದ ಮಳವಳ್ಳಿಯವರೆಗೆ ಹೋಗಿದ್ದನಂತೆ. ರಟ್ಟಿನ ಮೇಲಿನ ಬಾವಿಯ ಚಿತ್ರವೇ ಗುರುತು, ಏಕೆಂದರೆ ಅವನಿಗೆ ಓದಲು ಬರುವುದಿಲ್ಲ. ಹತ್ತು ವರ್ಷದಿಂದ ಎಲ್ಲೂ ಸಿಗದೇ ಇದ್ದಾಗ, ಮುಗಿಯಿತು ಎಂದು ಕೆಂಗಲ್ ಆಂಜನೇಯನಿಗೆ ತೆಂಗಿನಕಾಯಿ ಒಡೆದು ಬಂದಿದ್ದ.

“ನಾನು ಸಾಯ್ಸಿದ್ದೆ. ನೀವು ಬದುಕ್ಸ್‌ಬುಟ್ರಿ” ಅಂದ. ಕೋಪದಿಂದಲ್ಲ. ಆಗಿದ್ದನ್ನು ಹೇಳುವವನ ಹಾಗೆ.

ಬೀರುವಿನಿಂದ ಪುಸ್ತಕ ತಂದು ಅವನ ಮುಂದಿಟ್ಟೆ. ತಗೊಂಡು ಹೋಗಿ ಅಂದೆ. ಅವನು ಮುಟ್ಟಲಿಲ್ಲ. “ಇದ್ರಲ್ಲಿ ಅವ್ಳು ಎಂಗಿದ್ಲು ಅಂತ ಬರ್ದವ್ನಾ?” ಎಂದು ಕೇಳಿದ. “ಅವ್ಳದ್ದು ಒಂದು ಫೋಟೋನೂ ಇಲ್ಲ ನಮ್ತಾವ. ಒಸಿ ಓದಿ. ಬಾವಿ ತಂಕ ಮಾತ್ರ ಓದಿ, ಮುಂದಕ್ಕೆ ಬ್ಯಾಡ.”

ಓದಿದೆ. ಮೊದಲ ಅಧ್ಯಾಯದಲ್ಲಿ ಆ ಹುಡುಗಿ ಹುಳಕ್ಕೆ ಸೊಪ್ಪು ಹಾಕುತ್ತಾಳೆ. ಸೊಪ್ಪು ಹಾಕುವಾಗ ಹುಳಗಳ ಜೊತೆ, ಮಕ್ಕಳಿಗೆ ಉಣ್ಣಿಸುವವಳ ಹಾಗೆ, ‘ಸಾಕೇನ್ರವ್ವಾ, ಇನ್ನೊಂದು ತುತ್ತು’ ಎಂದು ಮಾತಾಡುತ್ತಾಳೆ. ಮುಂದಿನ ಹಲ್ಲಿನ ಸಂದಿನಲ್ಲಿ ಬೆಳ್ಳುಳ್ಳಿ ಸಿಪ್ಪೆ ಕಚ್ಚಿಕೊಂಡು ನಗುತ್ತಾಳೆ. ಬಳೆ ಒಡೆದರೆ ಮೂರು ದಿನ ಮುಖ ಊದಿಸಿಕೊಂಡಿರುತ್ತಾಳೆ.

ಅವನು ಟವಲಿನಿಂದ ಬಾಯಿ ಮುಚ್ಚಿಕೊಂಡ. “ಇದು ನಾನು ಯೋಳಿದ್ದು” ಅಂದ. “ಕೋರ್ಟ್ನಲ್ಲಿ ಜಡ್ಜು ಮುಂದೆ ಯೋಳಿದ್ದೆ. ‘ಅಂತೋಳ್ನ ನಾನು ಕೊಲ್ತೀನಾ ಸ್ವಾಮಿ’ ಅಂತ ಅತ್ಕಂಡು ಯೋಳಿದ್ದೆ. ಮೂಲೇಲಿ ಕುಂತು ಒಬ್ಬ ಟೈಪ್ ಮಿಷನ್ ಕುಟ್ತಿದ್ದ. ಅವ್ನೇ ಏನು ಇದ್ನ ಬರ್ದೋನು?”

ಹೌದು ಅಂದೆ. ಟೈಪು ಮಾಡಿದವರು ಅವರೇ. ಅಣ್ಣನ ಬಾಯಿಂದ ಬಂದ ಮಾತಿನಲ್ಲೇ ಹುಡುಗಿಯನ್ನು ಬದುಕಿಸಿ, ಆ ಅಣ್ಣನನ್ನೇ ಕೊಲೆಗಾರ ಮಾಡಿದ್ದರು. ಇವರನ್ನು ಹೊತ್ತು ತಿರುಗಿದ ನನ್ನ ಮೂವತ್ತು ವರ್ಷ ಆ ಕ್ಷಣದಲ್ಲಿ ನನಗೆ ಹೇಸಿಗೆಯಾಯಿತು.

ಅವನು ಪುಸ್ತಕವನ್ನು ಟವಲಿನಲ್ಲಿ ಸುತ್ತಿಕೊಂಡು ಹೊರಟ. ಅವತ್ತೇ ಸ್ಕ್ಯಾನ್ ಮಾಡಿದವರಿಗೆ ಫೋನ್ ಮಾಡಿ ಬೇಡಿಕೊಂಡೆ. ಒಳ್ಳೆಯ ಜನ, ಮಾರನೇ ದಿನವೇ ಅದನ್ನು ತೆಗೆದರು. ಆದರೆ ಅಷ್ಟರಲ್ಲಿ ಅದು ಫೋನಿನಿಂದ ಫೋನಿಗೆ ಹರಿದುಹೋಗಿತ್ತು. ನನ್ನ ಹೆಂಡತಿಯ ತಮ್ಮನ ಫೋನಿಗೂ, ಯಾವುದೋ ಗ್ರೂಪಿನಿಂದ, ನನ್ನ ಟಿಪ್ಪಣಿಯ ಸಮೇತ ಬಂದಿತ್ತು.

ತಿಂಗಳ ಮೇಲೆ ಮನಸ್ಸು ತಡೆಯದೆ ಅವನ ಊರಿಗೆ ಹೋದೆ. ಹುಳದ ಮನೆಯ ಮುಂದೆ ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಒಣಗಹಾಕಿ ಕೂತಿದ್ದ. ಬರುವವನು ನಾನೇ ಎಂದು ಕಂಡರೂ ಏಳಲಿಲ್ಲ. ನಾನು ಪಕ್ಕದಲ್ಲಿ ಕಲ್ಲಿನ ಮೇಲೆ ಕೂತೆ. ಪುಸ್ತಕ ಸುಟ್ಟಿರಾ ಎಂದು ಕೇಳಿದೆ.

“ಒಲೆ ಮುಂದೆ ಕುಂತೆ. ಅವ್ಳು ಅದ್ರೊಳ್ಗವ್ಳೆ, ಎಂಗೆ ಸುಡ್ಲಿ? ನೀವು ಓದಿದ್ರಲ್ಲ, ಅಷ್ಟು ಹಾಳೆ ಹರ್ದು ಮಡೀಕಂಡೆ. ಮಿಕ್ಕಿದ್ದು ಸುಟ್ಟೆ.”

ತಪ್ಪಾಯಿತು ಅಂದೆ. “ನೀವು ಬರ್ದೋರಲ್ಲ” ಅಂದ. ಚಂದ್ರಿಕೆಯೊಂದನ್ನು ಮಗುಚಿ ಹಾಕಿ, “ಹಂಚ್ದೋರು” ಅಂದ.

ಆಮೇಲೆ ಮೊಮ್ಮಗಳ ಮಾತು ತೆಗೆದ. ಡಿಗ್ರಿ ಓದುತ್ತಿದ್ದಾಳೆ, ಕನಕಪುರದ ಕಾಲೇಜು. ಊರಿನವರಿಂದ ಎಲ್ಲ ತಿಳಿದುಕೊಂಡಿದ್ದಳು. ಅಂದಿನಿಂದ ತಾತನಿಗೆ ಊಟ ಇಡುತ್ತಾಳೆ, ಎದುರಿಗೆ ಕೂರುವುದಿಲ್ಲ. “ಕೇಳುದ್ರೆ ಯೋಳ್ಬೋದು. ಅವ್ಳು ಕೇಳಾಕಿಲ್ಲ. ನೀವು ಪುಸ್ತಕದೋರು, ಅದು ಸುಳ್ಳು ಅಂತ ಅವ್ಳ್ಗೆ ಒಂದು ಮಾತು ಯೋಳಿ. ನಿಮ್ಮಾತ ನಂಬ್ತಾಳೆ.”

ಕರೆದ. ಹುಡುಗಿ ಬಾಗಿಲಲ್ಲಿ ನಿಂತಳು. ಅದು ಬರೀ ಕಟ್ಟುಕತೆ ಕಣವ್ವ, ನಿಮ್ಮ ತಾತ ಏನೂ ಮಾಡಿಲ್ಲ ಅಂದೆ.

“ನಿಮಗೆ ಹೆಂಗೆ ಗೊತ್ತು ಸರ್?” ಅಂದಳು. “ನಿಜ ಘಟನೆ ಅಂತ ಬರೆದಿದ್ದು ನೀವೇ ತಾನೆ?”

ನಾನು ಅವನನ್ನು ನಂಬಿದ್ದೆ, ಅಷ್ಟೇ. ನಂಬುವುದೂ ಗೊತ್ತಿರುವುದೂ ಒಂದೇ ಅಲ್ಲ ಎಂದು ಅವಳಿಗೆ ತಿಳಿದಿತ್ತು. ತಲೆ ತಗ್ಗಿಸಿಕೊಂಡು ಬಂದೆ.

ಮನೆಗೆ ಬಂದು ನನ್ನ ಕಂಪ್ಯೂಟರಿನಲ್ಲಿ ಉಳಿದಿದ್ದ ನಲವತ್ತೊಂದನ್ನು ಮತ್ತೆ ಓದಿದೆ. ಈ ಸಲ ನಿಧಾನವಾಗಿ, ಪ್ರತಿ ಸಾಲಿಗೂ ಇದು ಎಲ್ಲಿಂದ ಬಂತು ಎಂದು ಕೇಳಿಕೊಳ್ಳುತ್ತಾ. ಕೊನೆಯ ಅಧ್ಯಾಯದಲ್ಲಿ ಅಣ್ಣ ತಪ್ಪೊಪ್ಪಿಕೊಳ್ಳುವಾಗ ಒಂದು ಮಾತಿದೆ: ಅಲೆಗಳ ಅಬ್ಬರದಲ್ಲಿ ಅವಳ ಕೂಗು ಯಾರಿಗೂ ಕೇಳಲಿಲ್ಲ. ಅಲ್ಲಿ ನಿಂತೆ. ತೋಟದ ಬಾವಿಯಲ್ಲಿ ಎಲ್ಲಿಯ ಅಲೆ? ಈ ಸಾಲನ್ನು ನಾನು ಬೇರೆಲ್ಲೋ ಓದಿದ್ದೇನೆ ಅನ್ನಿಸಿತು. ಬೀರು ತೆರೆದು ಒಂದೊಂದೇ ಪುಸ್ತಕದ ಕೊನೆಯ ಅಧ್ಯಾಯ ನೋಡುತ್ತಾ ಬಂದೆ. ಮೂರನೇ ದಿನ ಮಧ್ಯಾಹ್ನ ಸಿಕ್ಕಿತು, ಹತ್ತೊಂಬತ್ತನೆಯದರಲ್ಲಿ. ಕಡಲ ತೀರದ ಊರಿನ ಕತೆ. ತಂಗಿಯನ್ನು ಬಂಡೆಯ ಮೇಲಿಂದ ನೂಕಿದ ಅಣ್ಣ. ತಪ್ಪೊಪ್ಪಿಗೆ ಇಡೀ ಏಳು ಪುಟ ಅಕ್ಷರ ಬಿಡದೆ ಅದೇ. ಹೆಸರು ಬದಲಾಯಿಸಿದ್ದರು, ಬಂಡೆಯನ್ನು ಬಾವಿ ಮಾಡಿದ್ದರು, ಅಲೆಯನ್ನು ಬದಲಾಯಿಸಲು ಮರೆತಿದ್ದರು. ಹತ್ತೊಂಬತ್ತನೆಯದು ಅಚ್ಚಾಗಿದ್ದು ಆ ಹುಡುಗಿ ಬಾವಿಗೆ ಬೀಳುವುದಕ್ಕೆ ಎಷ್ಟೋ ಮುಂಚೆ.

ಹತ್ತೊಂಬತ್ತನೆಯದನ್ನೂ, ಫೋನಿಗೆ ಹಾಕಿಕೊಂಡ ನಲವತ್ತೊಂದನ್ನೂ ತೆಗೆದುಕೊಂಡು ಮತ್ತೆ ಹೋದೆ. ಹುಡುಗಿ ಜಗುಲಿಯ ಮೇಲೆ ಕೂತು, ಒಂದು ಕೈಯಲ್ಲಿ ಹಳೆಯ ಪುಸ್ತಕ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಸಾಲು ಸಾಲು ಹೋಲಿಸಿದಳು. ಏಳು ಪುಟವನ್ನೂ ಬಿಡಲಿಲ್ಲ. ತಾತ ಅಂಗಳದಲ್ಲಿ ನಿಂತಿದ್ದ.

“ಅಂದ್ರೆ ಇದನ್ನ ಬರೆದೋರಿಗೆ ಏನೂ ಗೊತ್ತಿರಲಿಲ್ಲ” ಅಂದಳು.

“ಇಲ್ಲ ಕಣವ್ವ. ತಿಂಗಳ ಪುಸ್ತಕ ಮುಗಿಸಬೇಕಿತ್ತು. ಕೊಲೆಗಾರ ಬೇಕಿತ್ತು. ಹಳೇದನ್ನೇ ಎತ್ತಿ ಅಂಟಿಸಿದ್ರು.”

ಅವಳು ಎದ್ದು ಒಳಗೆ ಹೋದಳು. ಎರಡು ಲೋಟ ಕಾಫಿ ತಂದಳು. ನನಗೆ ಕೊಟ್ಟು, ಇನ್ನೊಂದನ್ನು ತಾತನ ಕೈಗಿಟ್ಟು, ಅವನ ಪಕ್ಕದಲ್ಲೇ ನಿಂತಳು. ಅವನು ಅವಳ ಮುಖ ನೋಡಲಿಲ್ಲ. ನಾನು ಹೊರಡುವಾಗ ಅವಳು ರಸ್ತೆಯವರೆಗೆ ಬಂದು ಕೇಳಿದಳು: “ನಾನು ಓದಿದೆ ಸರ್. ಊರಿಗೆಲ್ಲ ಯಾರು ಓದಿ ಹೇಳ್ತಾರೆ?”

ನಾನು ಎರಡು ಪುಸ್ತಕಗಳನ್ನು ಹೋಲಿಸಿ ಒಂದು ಲೇಖನ ಬರೆದೆ. ಊರಿನ ಹೆಸರಿಲ್ಲ, ಯಾರ ಗುರುತೂ ಇಲ್ಲ. ಸ್ಕ್ಯಾನ್ ಮಾಡಿದವರು ಅದನ್ನು ಹಾಕಿದರು. ಅದನ್ನು ಓದಿದವರು ಬೆರಳೆಣಿಕೆಯ ಜನ. ನೂರ ಹನ್ನೊಂದು ಪುಸ್ತಕಗಳನ್ನು ಒಂದು ಲೈಬ್ರರಿಗೆ ಕೊಟ್ಟುಬಿಟ್ಟೆ. ಒಂದು ಕಡಿಮೆಯಿದೆಯಲ್ಲ ಎಂದು ಅಲ್ಲಿಯವರು ಕೇಳಿದರು. ಹೌದು, ಇಲ್ಲ ಅಂದೆ.

ಈ ವರ್ಷ ಬೇಸಿಗೆಯಲ್ಲಿ ಆ ಹುಡುಗಿ ಫೋನ್ ಮಾಡಿ, ತಾತ ಹೋದರು ಅಂದಳು. ಹೋದೆ. ತೋಟದಲ್ಲೇ ಗುಂಡಿ ತೋಡಿದ್ದರು. ಜನ ಸುಮಾರಾಗಿ ಸೇರಿದ್ದರು. ನನ್ನ ಮುಂದೆ ನಿಂತಿದ್ದ ಇಬ್ಬರಲ್ಲಿ ಒಬ್ಬ, ಬೇರೆ ಊರಿಂದ ಬಂದ ನೆಂಟನಿರಬೇಕು, ಮೆಲ್ಲಗೆ ಏನೋ ಕೇಳಿದ. ಇನ್ನೊಬ್ಬ, “ಇವ್ರೇ ಕಣ್ಲಾ, ತಂಗೀನ ಬಾವಿಗೆ ತಳ್ಳಿದ್ದು. ಪುಸ್ತಕದಲ್ಲೇ ಬಂದೈತೆ, ತಡಿ” ಎಂದು ಜೇಬಿನಿಂದ ಫೋನ್ ತೆಗೆದ.

“ಅದು ಸುಳ್ಳು ಕಣಪ್ಪ” ಅಂದೆ.

ಇಬ್ಬರೂ ತಿರುಗಿ ನೋಡಿದರು. “ನೀವು ಯಾರು ಸ್ವಾಮಿ? ಇವ್ರ್ಗೆ ಏನಾಗ್ಬೇಕು?”

“ಏನೂ ಆಗಬೇಕಿಲ್ಲ.”

“ಅಂಗಾದ್ರೆ ನಿಮ್ಗೆಂಗೊತ್ತು?” ಅಂದ.

ಹತ್ತೊಂಬತ್ತು, ನಲವತ್ತೊಂದು, ಏಳು ಪುಟ, ಅಲೆಯ ಸದ್ದು, ಎಲ್ಲವನ್ನೂ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮುಂದಿನವರು ಮಣ್ಣು ಹಾಕಲು ಕರೆದರು. ಅವರಿಬ್ಬರೂ ನನ್ನನ್ನು ಬಿಟ್ಟು ಮುಂದೆ ಹೋದರು.